ಅಪಾರ್ಟ್‌ಮೆಂಟ್ ತಾರಸಿಗೆ ಸೋಲಾರ್: ಸಬ್ಸಿಡಿ ಲೆಕ್ಕ ನಾವು ಹಾಕಿದ್ದು ಹೀಗೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 40 ಮನೆಗಳಿವೆ. ನಾನು ಸಂಘದ ಖಜಾಂಚಿ. ಲಿಫ್ಟು, ಬೋರ್‌ವೆಲ್ ಮೋಟಾರು, ಸಂಪಿನ ಪಂಪು, ಮೆಟ್ಟಿಲ ದೀಪ, ಇವುಗಳ ಕರೆಂಟ್ ಬಿಲ್ಲಿಗೇ ಮೇಂಟೆನೆನ್ಸ್ ದುಡ್ಡಿನ ದೊಡ್ಡ ಪಾಲು ಹೋಗುತ್ತಿತ್ತು. ಅದಕ್ಕೇ ತಾರಸಿ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಅದು ಪೂರ್ತಿ ಸಂಘದ್ದೇ ಆಸ್ತಿ.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯವರು 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತು. ವಸತಿ ಸಂಘಗಳಿಗೂ, ಎಲ್ಲರೂ ಬಳಸುವ ಸೌಲಭ್ಯಗಳಿಗಾಗಿ, ಕಿಲೋವ್ಯಾಟಿಗೆ 18,000 ರೂಪಾಯಿ ಇದೆ. ನಮ್ಮ ಲೆಕ್ಕಕ್ಕೆ 3,60,000.

ಸಭೆಯಲ್ಲಿ ಮೊದಲು ಬಂದ ಪ್ರಶ್ನೆ, "ಗೃಹಜ್ಯೋತಿ ಇದೆಯಲ್ಲ ಸಾರ್, ಸೋಲಾರ್ ಯಾಕೆ?" ನ್ಯಾಯವಾದ ಪ್ರಶ್ನೆಯೇ. ಆದರೆ ಆ 200 ಯೂನಿಟ್ಟಿನ ಸೌಲಭ್ಯ ಅವರವರ ಮನೆಗೆ. ಲಿಫ್ಟಿನ ಬಿಲ್ಲು ನಾವೇ ಕಟ್ಟಬೇಕು, ಅಲ್ವಾ? ಹಿಂದಿನ ವರ್ಷದ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ಹೆಚ್ಚಿನವರು ಒಪ್ಪಿದರು.

ಸಬ್ಸಿಡಿ ಬರುವುದು ಕೊನೆಗೆ. ಪ್ಯಾನೆಲ್ ಕೂರಿಸಿ, ಬೆಸ್ಕಾಂನವರು ಪರೀಕ್ಷಿಸಿ, ನೆಟ್ ಮೀಟರ್ (ನಾವು ಬಳಸಿದ ಕರೆಂಟು, ಮಿಕ್ಕಿ ಬೆಸ್ಕಾಂಗೆ ಹೋದ ಕರೆಂಟು ಎರಡನ್ನೂ ಅಳೆಯುವ ಮೀಟರ್) ಹಾಕಿದ ಮೇಲಷ್ಟೇ ಅದು ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನಮ್ಮ ಕೈಯಿಂದಲೇ ಹೋಗಬೇಕು. ಹಾಗಾಗಿ ಸಬ್ಸಿಡಿ ಬರುವುದೇ ಇಲ್ಲ ಎಂದುಕೊಂಡು ಲೆಕ್ಕ ಹಾಕಿದೆ. ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ಹಿಡಿದರೂ ಹಾಕಿದ ಬಂಡವಾಳ ವಾಪಸ್ ಬರುತ್ತಿತ್ತು. ಆಮೇಲೇ ಕಾರ್ಪಸ್ ಫಂಡ್, ಅಂದರೆ ಸಂಘ ಕೂಡಿಟ್ಟ ನಿಧಿ, ಮುಟ್ಟಿದ್ದು. ಸಬ್ಸಿಡಿ ಸೇರಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ ಎನ್ನುವ ಯೋಜನೆಗೆ ಬೇರೆಯವರ ದುಡ್ಡು ಹಾಕಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಬ್ಸಿಡಿ ಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಅವುಗಳ ಬೆಲೆ ಜಾಸ್ತಿ. ಅದಕ್ಕೇ ಎರಡೂ ಬಗೆಯ ಕೊಟೇಶನ್ ತರಿಸಿದೆವು. ಬೆಲೆಯ ವ್ಯತ್ಯಾಸ ಕಿಲೋವ್ಯಾಟಿಗೆ 18,000ಕ್ಕಿಂತ ಕಡಿಮೆ ಇತ್ತು, ಹಾಗಾಗಿ ಸಬ್ಸಿಡಿ ದಾರಿ ಹಿಡಿದೆವು.

ಅರ್ಜಿಗೆ ಮುಂಚೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಕಾಮನ್ ಮೀಟರ್ ಎಷ್ಟೋ ಕಡೆ ಇನ್ನೂ ಬಿಲ್ಡರ್ ಹೆಸರಲ್ಲೇ ಇರುತ್ತದೆ. ನಮ್ಮದೂ ಹಾಗೇ ಇತ್ತು. ಸಂಘದ ಹೆಸರಿಗೆ ಬದಲಿಸಿಕೊಂಡೇ ಅರ್ಜಿ ಹಾಕಿದೆವು.

ಜಾಗ ಇದೆ ಅಂತ ಸುಮ್ನೆ ತಾರಸಿ ತುಂಬಾ ಪ್ಯಾನೆಲ್ ಹಾಕಿಸಬೇಡಿ. ಮಿಕ್ಕ ಕರೆಂಟಿಗೆ ಸಿಗುವುದು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಗೊತ್ತು ಮಾಡಿದ ದರ, ಸಬ್ಸಿಡಿ ಪಡೆದವರಿಗೆ ಅದು ಇನ್ನೂ ಕಡಿಮೆ. ನಾವು ಖರ್ಚಾಗುವಷ್ಟಕ್ಕೇ ನಿಲ್ಲಿಸಿದೆವು.

ಬಂದ ಸಬ್ಸಿಡಿಯನ್ನು ಮನೆಮನೆಗೆ ಹಂಚೋಣ ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ಪ್ಯಾನೆಲ್ 25 ವರ್ಷ ಬಾಳಬಹುದು, ಪ್ಯಾನೆಲ್ಲಿನ ಕರೆಂಟನ್ನು ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಅದನ್ನು ಬದಲಿಸುವ ಖರ್ಚಿಗೆಂದು ಆ ದುಡ್ಡನ್ನು ಸಂಘದ ಹೆಸರಲ್ಲಿ ಎಫ್‌ಡಿ ಇಟ್ಟಿದ್ದೇವೆ.