ಮಿಕ್ಸಿಯಲ್ಲಿ ಒಡೆದ ತರಿ, ರಾತ್ರಿಯೂಟಕ್ಕೆ ಕಡುಬು, ಕೋಳಿ ಸಾರು: ನನ್ನ ಅನುಭವ

ಕಡುಬಿನ ತರಿ, ಅಂದರೆ ರವೆಯ ಹಾಗೆ ಒಡೆದ ಅಕ್ಕಿ, ಮಿಲ್ಲಿನಲ್ಲೇ ಒಡೆಸಬೇಕು, ಮಿಕ್ಸಿಗೆ ಹಾಕಿದರೆ ಹಿಟ್ಟಾಗಿ ಕಡುಬು ಅಂಟಂಟಾಗುತ್ತೆ ಅಂತ ಮೂಡಿಗೆರೆ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಮನೆಯಲ್ಲೂ ಅದೇ ಮಾತಿತ್ತು. ಈಗ ಮಿಕ್ಸಿ ತರಿಯ ಕಡುಬನ್ನೇ ಎಲ್ಲರೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಮಿಲ್ಲಿನ ತರಿ ಯಾವುದು, ಮನೆಯದು ಯಾವುದು ಅಂತ ಮುರಿದು ನೋಡಿದರೂ ಗುರುತು ಸಿಗೋದಿಲ್ಲ.

ಗುಟ್ಟಿರುವುದು ಅಕ್ಕಿಯ ತೇವದಲ್ಲಿ. ಪೂರ್ತಿ ಒಣ ಅಕ್ಕಿ ಹಾಕಿದರೆ ಗಟ್ಟಿ ಕಾಳು ಬ್ಲೇಡಿಗೆ ಸಿಕ್ಕಿ ಅರ್ಧ ಹಿಟ್ಟು, ಅರ್ಧ ನುಚ್ಚು ಆಗುತ್ತೆ, ಜಾರ್ ಬೇರೆ ಬಿಸಿ ಏರುತ್ತೆ. ನೆನೆಸಿದ ಅಕ್ಕಿ ಹಾಕಿದರೆ ಬ್ಲೇಡಿನ ಕೆಳಗೆ ಮುದ್ದೆ ಕಟ್ಟುತ್ತೆ. ನಾನು ಅಕ್ಕಿಯನ್ನು ಎರಡು ನೀರಲ್ಲಿ ತೊಳೆದು, ನೆನೆಯಲು ಬಿಡದೆ, ತಕ್ಷಣ ಬಸಿದು ಹಳೇ ಪಂಚೆಯ ಮೇಲೆ ತೆಳ್ಳಗೆ ಹರಡುತ್ತೇನೆ. ಫ್ಯಾನಿನ ಗಾಳಿಗೆ ಮುಕ್ಕಾಲು ಗಂಟೆ ಸಾಕು, ಬಿಸಿಲು ಬೇಡ. ಆಗ ಕಾಳನ್ನು ಬೆಳಕಿಗೆ ಹಿಡಿದರೆ ಅಡ್ಡಡ್ಡ ಸಣ್ಣ ಬಿಳಿ ಬಿರುಕು ಕಾಣುತ್ತೆ. ಹಲ್ಲಿಗೆ ಕೊಟ್ಟರೆ ಪುಡಿಯಾಗದೆ ಎರಡು ಮೂರು ತುಂಡಾಗುತ್ತೆ. ಮಿಕ್ಸಿಯಲ್ಲೂ ಆ ಬಿರುಕಿನಲ್ಲೇ ಒಡೆಯುತ್ತೆ. ಕೈಗೆ ತಂಪು ತಗುಲಬೇಕು, ಆದರೆ ಅಕ್ಕಿ ಅಂಟಬಾರದು.

ಜಾರಿಗೆ ಒಂದು ಸಲಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಹಾಕಬೇಡಿ. ಬಟನ್ ತಿರುಗಿಸಿ ಬಿಡುವುದು, ಮೂರು ನಾಲ್ಕು ಸಲ, ಅಷ್ಟೇ. ಬಿಡದೆ ಓಡಿಸಿದರೆ ಕೆಲಸ ಕೆಟ್ಟ ಹಾಗೇ. ಆಮೇಲೆ ಎರಡು ಜರಡಿ: ರವೆ ಜರಡಿಯಲ್ಲಿ ಉಳಿದ ದಪ್ಪ ನುಚ್ಚು ಮತ್ತೆ ಜಾರಿಗೆ, ಮೈದಾ ಜರಡಿಯಿಂದ ಉದುರಿದ ಹಿಟ್ಟು ಬೆಳಗಿನ ರೊಟ್ಟಿಗೆ. ಮಧ್ಯದಲ್ಲಿ ಸಿಕ್ಕಿದ್ದೇ ತರಿ, ಬನ್ಸಿ ರವೆಗಿಂತ ಚೂರು ದಪ್ಪ. ಕೆಜಿ ಅಕ್ಕಿಗೆ ಮುಕ್ಕಾಲು ಕೆಜಿ ಹತ್ತಿರ ತರಿ ಬರುತ್ತೆ. ಮಿಕ್ಸಿ ತರಿ ಅಂಟು ಅನ್ನುವವರು ಈ ಹಿಟ್ಟನ್ನು ಜರಡಿ ಹಿಡಿದು ತೆಗೆದಿರೋದಿಲ್ಲ.

ತರಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಲೇಬೇಕು, ಬಣ್ಣ ತಿರುಗಬಾರದು. ಇದನ್ನು ಬಿಟ್ಟರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಡಬ್ಬಿ ತೆಗೆದಾಗ ಮುಗ್ಗಲು ವಾಸನೆ. ಹುರಿಯುವಾಗ ಜೊತೆಗೆ ಒಂದು ಬಗೆಯ ಕಾಳು ಹಾಕುತ್ತೇನೆ, ಅದು ಯಾವುದು, ಎಷ್ಟು ಅನ್ನುವುದು ಮನೆಯೊಳಗೇ ಇರಲಿ.

ದುಡ್ಡಿನ ಲೆಕ್ಕ. ಅಂಗಡಿಯ ತರಿ ಪ್ಯಾಕೆಟ್ ಕೆಜಿಗೆ ಎಪ್ಪತ್ತರ ಮೇಲೆ. ಮಿಲ್ಲಿನಲ್ಲಿ ಐದು ಕೆಜಿಗಿಂತ ಕಡಿಮೆ ಮುಟ್ಟುವುದಿಲ್ಲ, ಹಿಂದಿನವರ ರಾಗಿ ಹಿಟ್ಟು ಬೆರೆತು ತರಿ ಕಪ್ಪಾಗುತ್ತೆ, ಆಟೋ ಬಾಡಿಗೆ ಬೇರೆ. ನಾನು ತರುವ ದಪ್ಪಕ್ಕಿ ಕೆಜಿಗೆ ನಲವತ್ತರ ಆಸುಪಾಸು, ಹಿಟ್ಟೂ ದಂಡವಾಗೋದಿಲ್ಲ. ಇಂಟಾನ್ ತಳಿಯ ಅಕ್ಕಿ ಸಿಕ್ಕರೆ ಬಿಡಬೇಡಿ. ಇಲ್ಲದಿದ್ದರೆ ಐಆರ್-64 ತಳಿ. ಸೋನಾ ಮಸೂರಿಯಲ್ಲಿ ಕಡುಬು ಮೆತ್ತಗಾಗುತ್ತೆ, ನನಗೆ ಹಿಡಿಸಲಿಲ್ಲ. ಕುಸುಬಲಕ್ಕಿ ತರಿಯಲ್ಲೂ ನೋಡಿದೆ, ಉಂಡೆಯೇ ನಿಲ್ಲಲಿಲ್ಲ, ಉದುರಿ ಹೋಯಿತು.

ನೀರು: ಹಳೇ ಅಕ್ಕಿಯ ತರಿ ಒಂದು ಲೋಟಕ್ಕೆ ಎರಡೂಕಾಲು ಲೋಟ, ಹೊಸ ಬೆಳೆಯದ್ದಾದರೆ ಎರಡಕ್ಕಿಂತ ಚೂರು ಕಡಿಮೆ. ಸುಗ್ಗಿ ಮುಗಿದ ಹೊಸದರಲ್ಲಿ ಕಡುಬು ಕೆಡುವುದು ಇದೇ ಲೆಕ್ಕ ತಪ್ಪಿ. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ, ಒಂದು ಹಿಡಿ ಕಾಯಿತುರಿ. ಮರಳಿದ ಮೇಲೆ ತರಿ ಸುರಿದು ಗಂಟಿಲ್ಲದಂತೆ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ಆರು ನಿಮಿಷ, ಉರಿ ಆರಿಸಿ ಇನ್ನೈದು ನಿಮಿಷ. ಸುಡುಸುಡುವಾಗಲೇ ಕೈ ಒದ್ದೆ ಮಾಡಿಕೊಂಡು ನಾದಬೇಕು. ಆರಿದ ಮೇಲೆ ಕಟ್ಟಿದ ಉಂಡೆ ಬೇಯುವಾಗ ಬಿರುಕು ಬಿಡುತ್ತೆ. ಮೂಸಂಬಿಗಿಂತ ಸಣ್ಣ ಉಂಡೆ ಕಟ್ಟಿ, ಮಧ್ಯೆ ಹೆಬ್ಬೆರಳಲ್ಲಿ ಗುಳಿ ಮಾಡಿ. ಆ ಗುಳಿ ಇಲ್ಲದಿದ್ದರೆ ಹೊರಗೆ ಬೆಂದು ಒಳಗೆ ಬಿಳಿ ಚುಕ್ಕೆ ಉಳಿಯುತ್ತೆ. ಇಡ್ಲಿ ಪಾತ್ರೆಯಲ್ಲಿ ಬಾಳೆಲೆ ಹಾಸಿ ಹದಿನೈದು ನಿಮಿಷ ಹಬೆ. ಮುಚ್ಚಳದ ಒಳಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ನೀರು ತೊಟ್ಟಿಕ್ಕಿ ಮೇಲಿನ ಸಾಲು ಲೊಳಲೊಳ. ಬೆಂದ ಕಡುಬನ್ನು ಮುರಿದರೆ ತರಿ ಕಾಳುಕಾಳಾಗಿ ಕಾಣಬೇಕು, ಬೆರಳಿಗೆ ಮೆತ್ತಬಾರದು.

ಹಬೆಗೆ ಅರಿಶಿನ ಎಲೆ ಹಾಸಿ ನೋಡಿದೆ. ಸಿಹಿ ಕಡುಬಿಗೆ ಸರಿ, ಕೋಳಿ ಸಾರಿನ ಜೊತೆ ಆ ಘಮ ಜಗಳಕ್ಕೆ ನಿಲ್ಲುತ್ತೆ. ಕಾಲು ಭಾಗ ರಾಗಿ ಹಿಟ್ಟು ಬೆರೆಸಿದ್ದು ಮಾತ್ರ ಚೆನ್ನಾಗಿತ್ತು. ಹಾಸನದ ಬಯಲು ಕಡೆಯ, ಮುದ್ದೆ ಬಿಟ್ಟು ಬೇರೆ ಒಲ್ಲದವರೂ ಬೇಡ ಅನ್ನಲಿಲ್ಲ.

ಸಾರು. ನಾಟಿ ಕೋಳಿ ಈಗ ಕೆಜಿಗೆ ಐನೂರರ ಹತ್ತಿರ. ವಾರದ ನಡುವಿನ ಊಟಕ್ಕೆ ಗಿರಿರಾಜ ತಳಿಯ ಕೋಳಿ ಸಾಕು, ಹೆಚ್ಚುಕಮ್ಮಿ ಅರ್ಧ ಬೆಲೆ, ಎಲುಬಿನ ರಸವೂ ಇಳಿಯುತ್ತೆ. ಬ್ರಾಯ್ಲರಿಗೆ ಈ ಮಸಾಲೆ ದಂಡ. ಅರಿಶಿನ, ಉಪ್ಪು, ಈರುಳ್ಳಿ ಹಾಕಿ ಕುಕ್ಕರಿನಲ್ಲಿ ಗಿರಿರಾಜಕ್ಕೆ ನಾಲ್ಕು ಸೀಟಿ, ಬಲಿತ ನಾಟಿ ಹೇಂಟೆಗೆ ಏಳು. ಕೆಜಿ ಮಾಂಸಕ್ಕೆ ಧನಿಯಾ ಮೂರು ದೊಡ್ಡ ಚಮಚ, ಬ್ಯಾಡಗಿ ಎಂಟು, ಗುಂಟೂರು ಮೂರು, ಕಾಳುಮೆಣಸು ಒಂದು ಚಮಚ, ಜೀರಿಗೆ ಅರ್ಧ, ಗಸಗಸೆ ಒಂದು, ಒಂದಿಂಚು ಚಕ್ಕೆ, ನಾಲ್ಕು ಲವಂಗ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಗಸಗಸೆ ಕೊನೆಗೆ, ಅದು ಬೇಗ ಸೀಯುತ್ತೆ. ಎರಡು ಈರುಳ್ಳಿಯನ್ನು ಸಿಪ್ಪೆ ಸಮೇತ ಉರಿಯಲ್ಲಿ ಸುಟ್ಟು, ಕರಿ ಸಿಪ್ಪೆ ತೆಗೆದು, ಒಂದು ಗಡ್ಡೆ ಬೆಳ್ಳುಳ್ಳಿ ಜೊತೆ ಮಸಾಲೆಗೆ ರುಬ್ಬಿ, ಬೆಂದ ಮಾಂಸಕ್ಕೆ ಹಾಕಿ. ಅರ್ಧ ಹೋಳು ಕಾಯಿಯನ್ನು ಮಾತ್ರ ಬೇರೆ ರುಬ್ಬಿ ಕೊನೆಗೆ ಹಾಕಿ ಎಂಟು ನಿಮಿಷ ಕುದಿಸಿ. ಮೊದಲೇ ಹಾಕಿದರೆ ಒಡೆದು ಮೇಲೆ ತೇಲುತ್ತೆ. ಸಾರು ಕಡುಬಿಗೆ ಇಳಿಯುವಷ್ಟು ತೆಳ್ಳಗಿರಲಿ, ಗೊಜ್ಜಿನಂತಾದರೆ ಕಡುಬು ಒಣಒಣ.

ಕುಕ್ಕರ್ ಕೂಗುವಷ್ಟರಲ್ಲಿ ತರಿ ತಿರುವುವುದು, ಹಬೆ ಬರುವಷ್ಟರಲ್ಲಿ ಮಸಾಲೆ ರುಬ್ಬುವುದು. ತರಿ ಡಬ್ಬಿಯಲ್ಲಿದ್ದರೆ ಏಳಕ್ಕೆ ಶುರು ಮಾಡಿದ್ದು ಎಂಟೂಕಾಲಕ್ಕೆ ತಟ್ಟೆಗೆ ಬರುತ್ತೆ. ಮಳೆಗಾಲದಲ್ಲಿ ಕರೆಂಟ್ ನಂಬಬೇಡಿ, ತರಿ ಒಡೆಯುವುದು, ಮಸಾಲೆ ಪುಡಿ ಮಾಡುವುದು ಭಾನುವಾರವೇ ಮುಗಿಯಲಿ.

ಮಾಂಸ ತಿನ್ನದವರಿಗೆ ಆಷಾಢದಲ್ಲಿ ಕಳಲೆ (ಎಳೆ ಬಿದಿರು) ಇದೇ ಮಸಾಲೆಗೆ ಹೊಂದುತ್ತೆ. ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಬೇಯಿಸಿ ಬಸಿದು ಆಮೇಲೆ ಹಾಕಿ. ಲವಂಗ, ಗಸಗಸೆ ಬಿಟ್ಟು ಕಾಯಿ ಜಾಸ್ತಿ ಮಾಡಿ. ಹುರಳಿ ಬೇಯಿಸಿ ಬಸಿದ ಕಟ್ಟಿಗಾದರೆ ಕಾಳುಮೆಣಸು ಎರಡರಷ್ಟಿರಲಿ.