ಕೀ ಬಿಟ್ಟಾಗ ಮಾತ್ರ ಹತ್ತುತ್ತಿದ್ದ ಜಿಪ್ಸಿ

ಹಳೆಯ ಕಾರ್ಬುರೇಟರ್ ಇಂಜಿನ್ನಿನ ಮಾರುತಿ ಜಿಪ್ಸಿಗೆ ಎಸ್ಟೀಮ್ ಕಾರಿನ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ ಕೂರಿಸಿದ್ದು ಎರಡೇ ದಿನದ ಕೆಲಸ, ವೈರಿಂಗ್‌ಗೆ ಮಾತ್ರ ಇಡೀ ಮಳೆಗಾಲ ಹೋಯಿತು. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತಿತ್ತು, ಇಂಜಿನ್ ಹತ್ತುತ್ತಿರಲಿಲ್ಲ. ವಿಚಿತ್ರ ಅಂದರೆ, ಸಾಕಾಗಿ ಕೀ ಬಿಡುವ ಕ್ಷಣಕ್ಕೆ ಒಮ್ಮೆ ಡುರ್ ಅನ್ನುತ್ತಿತ್ತು. ಪಂಪ್, ಪ್ಲಗ್ ಎಲ್ಲ ಬದಲಿಸಿದೆ. ಸುಮ್ನೆ ದುಡ್ಡು ದಂಡ.

ಕೊನೆಗೆ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಬರುವ ಇಗ್ನಿಷನ್ ವೈರಿಗೆ ಮಲ್ಟಿಮೀಟರ್ ಚುಚ್ಚಿ, ತಮ್ಮನಿಗೆ ಕೀ ತಿರುಗಿಸಲು ಹೇಳಿದೆ. ಆನ್ ಇದ್ದಾಗ 12.4 ವೋಲ್ಟ್, ಕ್ರ್ಯಾಂಕ್ ಮಾಡಿದ (ಸ್ಟಾರ್ಟರ್ ತಿರುಗಿಸಿದ) ತಕ್ಷಣ ಸೊನ್ನೆ! ವೈರಿಂಗ್ ಮಾಡಿಕೊಟ್ಟವರು ಅದನ್ನು ರೇಡಿಯೋ ಲೈನಿಗೆ ಸೇರಿಸಿದ್ದರು. ಸ್ಟಾರ್ಟರ್‌ಗೆ ಕರೆಂಟ್ ಉಳಿಯಲಿ ಅಂತ ಕ್ರ್ಯಾಂಕ್ ಮಾಡುವಾಗ ಸ್ವಿಚ್ ಆ ಲೈನನ್ನೇ ಕಡಿಯುತ್ತದೆ, ಕೀ ಬಿಟ್ಟಾಗ ಮತ್ತೆ ಕೊಡುತ್ತದೆ, ಅಲ್ವಾ? ಕ್ರ್ಯಾಂಕ್ ಮಾಡುವಾಗಲೂ ಜೀವ ಇರುವ ಇನ್ನೊಂದು ಲೈನಿನಿಂದ ರಿಲೇ, ಫ್ಯೂಸ್ ಹಾಕಿ ಕೊಟ್ಟೆ. ಮೊದಲ ಸಲಕ್ಕೇ ಹತ್ತಿತು.

ಆದರೂ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಇಂಜಿನ್ ವೇಗ) ಕುಣಿಯುತ್ತಿತ್ತು, ಹೆಡ್‌ಲೈಟ್ ಹಾಕಿದರೆ ಇನ್ನೂ ಜಾಸ್ತಿ. ಕ್ರ್ಯಾಂಕ್ ಮಾಡುವಾಗ ಇಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದರೆ 1.3 ವೋಲ್ಟ್, ಅರ್ಧ ವೋಲ್ಟ್ ದಾಟಬಾರದು. ಮಲ್ಪೆಯ ಉಪ್ಪುಗಾಳಿಗೆ, ಇಂಜಿನ್ನಿಂದ ಬ್ಯಾಟರಿಗೆ ಕರೆಂಟ್ ಮರಳುವ ಅರ್ತ್ ಕೇಬಲ್ಲಿನ ಬೋಲ್ಟಿನ ಕೆಳಗೆಲ್ಲ ತುಕ್ಕು. ಉಜ್ಜಿ, ದಪ್ಪ ಕೇಬಲ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ.

ಮೊನ್ನೆ ಆಗುಂಬೆ ಘಾಟಿ ಹತ್ತಿ ಬಂದೆ. ಹಾರ್ನ್ ಇನ್ನೂ ಸ್ಟೀರಿಂಗ್ ಎಡಕ್ಕೆ ತಿರುಗಿಸಿದಾಗ ಮಾತ್ರ ಕೂಗುತ್ತದೆ.