ತೇಲೋ ಐಸ್ ಕರಗಿದ್ರೆ ನೀರು ಏರತ್ತಾ? ಮೂರು ಗ್ಲಾಸ್ ಇಟ್ಕೊಂಡು ನೀವೇ ನೋಡಿ

"ಗ್ಲಾಸಲ್ಲಿ ಐಸ್ ಕರಗಿದ್ರೆ ನೀರೇನು ಉಕ್ಕಿ ಚೆಲ್ಲಲ್ವಲ್ಲ, ಮತ್ತೆ ಸಮುದ್ರ ಯಾಕ್ರೀ ಏರತ್ತೆ, ಎಲ್ಲಾ ಸುಮ್ನೆ ಹೆದರಿಸೋಕೆ" ಅಂತ ವಾದ ಮಾಡೋರು ಒಬ್ರಲ್ಲ ಒಬ್ರು ಸಿಗ್ತಾನೇ ಇರ್ತಾರೆ. ಅವರ ಮಾತಲ್ಲಿ ಮೊದಲರ್ಧ ನಿಜ, ಹಾಗಾಗಿ ಜಗಳ ಆಡೋಕೆ ಹೋಗ್ಬೇಡಿ, ಆ ಗ್ಲಾಸನ್ನೇ ಇಸ್ಕೊಂಡು ಪಕ್ಕದಲ್ಲಿ ಇನ್ನೆರಡು ಗ್ಲಾಸ್ ಇಡಿ.

ಒಂದೇ ಅಳತೆಯ ನೇರ ಗೋಡೆಯ ಗಾಜಿನ ಗ್ಲಾಸ್ ಮೂರು ಬೇಕು, ಬಾಯಿ ಸುಮಾರು 7 ಸೆಂಟಿಮೀಟರ್ ಅಗಲ ಇದ್ರೆ ಕೆಳಗೆ ಹೇಳೋ ಲೆಕ್ಕ ಸರಿಯಾಗಿ ಕೂರತ್ತೆ. ಜೊತೆಗೆ ಉಪ್ಪು, ತೆಳು ತುದಿಯ ಮಾರ್ಕರ್, ಒಂದು ಸ್ಕೇಲು, ಗ್ಲಾಸಿನ ಬಾಯಿ ಮೇಲೆ ಕೂರೋ ಅಂಥ ಸೋಸೋ ಜಾಲರಿ. ಐಸ್ ಕ್ಯೂಬನ್ನ ತೂಕ ಮಾಡಿ ಪ್ರತಿ ಗ್ಲಾಸಿಗೆ 100 ಗ್ರಾಂ ಆಗೋ ಹಾಗೆ ಪಾಲು ಮಾಡ್ಕೊಳ್ಳಿ. ಐಸ್ ಮಾಡೋವಾಗ್ಲೇ ನೀರಿಗೆ ಒಂದೆರಡು ಹನಿ ಇಂಕ್ ಹಾಕಿದ್ರೆ ಇನ್ನೂ ಒಳ್ಳೇದು, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲನೇ ಗ್ಲಾಸಿಗೆ 250 ಎಂಎಲ್ ಬರೀ ನೀರು ಹಾಕಿ ಐಸ್ ಬಿಡಿ, ಐಸ್ ಬಿಟ್ಟು ನೀರು ನಿಂತ ಮೇಲೆ ಗೆರೆ ಎಳೀರಿ. ಮೊದಲೇ ಎಳೆದ್ರೆ ಐಸ್ ಬಿದ್ದಾಗ ಏರಿದ ನೀರೂ ಲೆಕ್ಕಕ್ಕೆ ಸೇರಿ ಎಲ್ಲಾ ಕೆಡತ್ತೆ. ಎರಡನೇ ಗ್ಲಾಸಿಗೂ ಅಷ್ಟೇ ನೀರು, ಆದ್ರೆ ಅದ್ರಲ್ಲಿ 80 ಗ್ರಾಂ ಉಪ್ಪು ಪೂರ್ತಿ ಕರಗಿಸಿ ಆಮೇಲೆ ಐಸ್, ಆಮೇಲೆ ಗೆರೆ. ಮೂರನೇದಕ್ಕೆ ಮಾತ್ರ ಉಲ್ಟಾ, ಬರೀ ನೀರಿನ ಮಟ್ಟಕ್ಕೇ ಗೆರೆ ಎಳೆದು ಬಾಯಿ ಮೇಲೆ ಜಾಲರಿ ಇಟ್ಟು ಅದರ ಮೇಲೆ ಐಸ್ ಸುರೀರಿ, ಜಾಲರಿಯ ತಳ ನೀರಿಗೆ ತಾಗಬಾರ್ದು, ಇದು ನೆಲದ ಮೇಲೆ ಕೂತಿರೋ ಮಂಜಿನ ಪಾತ್ರ.

ನಾನು ಮೊದಲ ಸಲ ಮಾಡಿದಾಗ ನೀರು ಕಮ್ಮಿ ಹಾಕಿ ಮರ್ಯಾದೆ ಕಳ್ಕೊಂಡೆ. ಕ್ಯೂಬ್‌ಗಳು ತೇಲದೆ ತಳಕ್ಕೆ ಕೂತ್ಬಿಟ್ಟಿದ್ವು, ಕರಗಿದ ಮೇಲೆ ನೀರು ಗೆರೆ ದಾಟಿ ಮೇಲೆ ಹೋಯ್ತು, ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ "ಮಾಮ, ಆರ್ಕಿಮಿಡೀಸ್ ಫೇಲ್" ಅಂದ. ತೇಲೋ ವಸ್ತು ತನ್ನ ತೂಕದಷ್ಟೇ ನೀರನ್ನ ಪಕ್ಕಕ್ಕೆ ತಳ್ಳತ್ತೆ ಅನ್ನೋ ಆರ್ಕಿಮಿಡೀಸ್ ನಿಯಮ ಏನೂ ಫೇಲ್ ಆಗಿರ್ಲಿಲ್ಲ, ತಳದಲ್ಲಿ ಊರಿಕೊಂಡ ಐಸು ತೇಲೋ ಐಸ್ ಅಲ್ಲ ಅಷ್ಟೇ. ಬೆರಳಲ್ಲಿ ಒತ್ತಿ ನೋಡಿ, ಕೆಳಗೆ ಹೋಗಿ ಪಟ್ ಅಂತ ಮೇಲೆ ಬರ್ಬೇಕು. ಇನ್ನೊಂದು ವಿಷ್ಯ, ಐಸ್ ಕರಗಿದ ತಕ್ಷಣ ಮಟ್ಟ ಓದ್ಬೇಡಿ, ತಣ್ಣಗಾದ ನೀರು ಒಂಚೂರು ಕುಗ್ಗಿರತ್ತೆ, ರೂಮಿನ ಬಿಸಿಗೆ ಬರೋವರೆಗೆ ಬಿಡಿ. ಹಾಗಂತ ರಾತ್ರಿಯೆಲ್ಲಾ ಬಿಟ್ರೆ ಆವಿಯಾಗಿ ಅದೂ ತಪ್ಪಾಗತ್ತೆ. ಕಣ್ಣನ್ನ ನೀರಿನ ಮಟ್ಟಕ್ಕೇ ತಂದು ನೋಡಿ, ಗಾಜಿನ ಅಂಚಲ್ಲಿ ನೀರು ಸ್ವಲ್ಪ ಮೇಲೆ ಹತ್ಕೊಂಡಿರತ್ತೆ, ಅದಲ್ಲ, ಮಧ್ಯದ ಮಟ್ಟ ಲೆಕ್ಕ.

ಈಗ ಏನಾಗಿರತ್ತೆ ಅಂದ್ರೆ, ಮೊದಲನೇ ಗ್ಲಾಸಲ್ಲಿ ನೀರು ಗೆರೆ ಮೇಲೇ ನಿಂತಿರತ್ತೆ. 100 ಗ್ರಾಂ ಐಸು ಸುಮಾರು 109 ಎಂಎಲ್ ಜಾಗ ತಿನ್ನತ್ತೆ, ಆದ್ರೆ ತೇಲೋವಾಗ ಅದು ಪಕ್ಕಕ್ಕೆ ತಳ್ಳೋದು ತನ್ನ ತೂಕದಷ್ಟೇ ನೀರನ್ನ, ಅಂದ್ರೆ 100 ಎಂಎಲ್, ಉಳಿದ 9 ಎಂಎಲ್ ತಲೆ ಎತ್ಕೊಂಡು ಗಾಳೀಲಿ ನಿಂತಿರತ್ತೆ. ಕರಗಿದಾಗ ಇಡೀ ತುಂಡು ಕುಗ್ಗಿ 100 ಎಂಎಲ್ ನೀರಾಗಿ ತಾನು ಮಾಡಿದ್ದ ಗುಂಡಿಯನ್ನ ತಾನೇ ತುಂಬತ್ತೆ. ಐಸ್ ಒಳಗೆ ಗಾಳಿ ಗುಳ್ಳೆ ಇದ್ರೂ ಏನೂ ವ್ಯತ್ಯಾಸ ಇಲ್ಲ, ಲೆಕ್ಕ ತೂಕದ್ದು.

ಮೂರನೇ ಗ್ಲಾಸಲ್ಲಿ ನೀರು ಎರಡೂವರೆ ಸೆಂಟಿಮೀಟರ್ ಏರಿರತ್ತೆ, ಇದಕ್ಕೆ ವಿವರಣೆನೇ ಬೇಡ, ಹೊರಗಿದ್ದಿದ್ದು ಒಳಗೆ ಬಂತು. ಗ್ರೀನ್‌ಲ್ಯಾಂಡ್ ಮತ್ತೆ ಅಂಟಾರ್ಕ್ಟಿಕಾದ ಮಂಜಿನ ಹಾಸು ಇರೋದು ಹೀಗೇ, ಗ್ರೀನ್‌ಲ್ಯಾಂಡ್‌ದು ಪೂರ್ತಿ ಕರಗಿದ್ರೆ ಸಮುದ್ರ ಸುಮಾರು 7 ಮೀಟರ್, ಅಂಟಾರ್ಕ್ಟಿಕಾದ್ದು ಪೂರ್ತಿ ಹೋದ್ರೆ ಸುಮಾರು 58 ಮೀಟರ್ ಏರುವಷ್ಟಿದೆ. ಅದು ನಾಳೆ ನಾಡಿದ್ದು ಆಗೋದಲ್ಲ, ಶತಮಾನಗಳ, ಸಾವಿರಾರು ವರ್ಷಗಳ ಮಾತು, ಆದ್ರೆ ಗ್ಲಾಸ್ ವಾದ ಮಾಡೋರು ಮರೆಯೋದು ಈ ಜಾಲರಿಯನ್ನೇ.

ನನಗೆ ಇಷ್ಟ ಎರಡನೇ ಗ್ಲಾಸು, ಯಾಕಂದ್ರೆ ಇಲ್ಲಿ "ತೇಲೋ ಐಸ್ ಕರಗಿದ್ರೆ ಏನೂ ಆಗಲ್ಲ" ಅನ್ನೋ ಬುದ್ಧಿವಂತರೂ ಒಂಚೂರು ಸಿಕ್ಕಿಹಾಕ್ಕೋತಾರೆ. ಉಪ್ಪುನೀರಲ್ಲಿ ಮಟ್ಟ 4 ಮಿಲಿಮೀಟರ್ ಆಸುಪಾಸು ಏರಿರತ್ತೆ. ಉಪ್ಪುನೀರು ಭಾರ, ಹಾಗಾಗಿ 100 ಗ್ರಾಂ ಐಸನ್ನ ಎತ್ತಿ ಹಿಡಿಯೋಕೆ 85 ಎಂಎಲ್ ಉಪ್ಪುನೀರು ಸಾಕು, ಆದ್ರೆ ಐಸು ಸಿಹಿನೀರು, ಕರಗಿದಾಗ 100 ಎಂಎಲ್ ಆಗತ್ತೆ, ಗುಂಡಿ ಚಿಕ್ಕದು ತುಂಬೋಕೆ ಬಂದಿದ್ದು ಜಾಸ್ತಿ. ಇಂಕ್ ಹಾಕಿದ್ರೆ ಇದು ಕಣ್ಣಿಗೇ ಕಾಣತ್ತೆ, ಮೊದಲನೇ ಗ್ಲಾಸಲ್ಲಿ ಬಣ್ಣ ದಾರದ ಹಾಗೆ ಕೆಳಗಿಳಿದು ಎಲ್ಲಾ ಕಡೆ ಹರಡತ್ತೆ, ಉಪ್ಪಿನ ಗ್ಲಾಸಲ್ಲಿ ಮೇಲ್ಗಡೆನೇ ಒಂದು ಬಣ್ಣದ ಪದರ ಕೂತ್ಬಿಡತ್ತೆ, ಆ ತಣ್ಣನೆ ಸಿಹಿನೀರಿನ ಹೊದಿಕೆ ಒಳಗೇ ಐಸ್ ಇರೋದ್ರಿಂದ ಕರಗೋದೂ ನಿಧಾನ. ಓದೋ ಮುಂಚೆ ಸ್ಪೂನಲ್ಲಿ ಮೆಲ್ಲಗೆ ಕಲಕಿ, ಸ್ಪೂನ್ ತೆಗೆದು ಆಮೇಲೆ ನೋಡಿ.

ಒಂದು ಮಾತು, 80 ಗ್ರಾಂ ಉಪ್ಪು ಅಂದ್ರೆ ಸಮುದ್ರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಅಷ್ಟೇ. ನಿಜವಾದ ಸಮುದ್ರದ ನೀರಲ್ಲಿ ಮಾಡಿದ್ರೆ ಏರೋದು ಅರ್ಧ ಮಿಲಿಮೀಟರ್ ಚಿಲ್ಲರೆ, ಮಾರ್ಕರ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗತ್ತೆ, ಅದಕ್ಕೇ ಉಪ್ಪು ಸುರಿದಿದ್ದು. ಲೆಕ್ಕಕ್ಕೆ ಮಾತ್ರ ನಿಜವಾದ ಅಂಕಿ ಇಟ್ಕೊಳ್ಳಿ, ತೇಲೋ ಐಸಿನ ಸುಮಾರು 2.5 ಪರ್ಸೆಂಟ್ ಹೆಚ್ಚುವರಿ ನೀರಾಗತ್ತೆ. ಜಗತ್ತಿನ ತೇಲೋ ಮಂಜೆಲ್ಲಾ ಕರಗಿದ್ರೆ ಇದರಿಂದ ಬರೋದು ಒಟ್ಟು 4 ಸೆಂಟಿಮೀಟರ್ ಹತ್ರ.

ಹಾಗಾದ್ರೆ ತೇಲೋ ಐಸಿಗೆ ಯಾಕಿಷ್ಟು ತಲೆಬಿಸಿ ಅಂದ್ರೆ, ಅದು ಬಾಗಿಲಿಗೆ ಹಾಕಿದ ಅಗುಳಿ ಥರ. 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸೆನ್ ಬಿ ಅನ್ನೋ ತೇಲೋ ಹಾಸಿನಲ್ಲಿ ಸುಮಾರು 3,250 ಚದರ ಕಿಲೋಮೀಟರ್ ಒಂದು ತಿಂಗಳ ಆಸುಪಾಸಲ್ಲಿ ಚೂರುಚೂರಾಯ್ತು, ಅದ್ರಿಂದ ನೇರವಾಗಿ ಸಮುದ್ರ ಏರಿದ್ದು ಲೆಕ್ಕಕ್ಕೇ ಇಲ್ಲ, ಆದ್ರೆ ಅದರ ಹಿಂದೆ ನೆಲದ ಮೇಲಿದ್ದ ಹಿಮನದಿಗಳು ಅಡ್ಡ ಇಲ್ಲದೆ ಹಲವು ಪಟ್ಟು ಜೋರಾಗಿ ಸಮುದ್ರಕ್ಕೆ ಜಾರೋಕೆ ಶುರು ಮಾಡಿದ್ವು. ಇದನ್ನ ಗ್ಲಾಸಲ್ಲಿ ತೋರ್ಸೋಕಾಗಲ್ಲ, ನಾನು ಟ್ರೈ ಮಾಡಿ ಟೇಬಲ್ಲೆಲ್ಲಾ ಒದ್ದೆ ಮಾಡಿದ್ದೇ ಬಂತು. ನೀರು ಬಿಸಿಯಾಗಿ ಹಿಗ್ಗೋದು ಇನ್ನೊಂದು ಕಾರಣ, ಅದು ಬೇರೆ ಪ್ರಯೋಗ.

ಮುಂದಿನ ಸಲ ಇಷ್ಟು ಟನ್ ಮಂಜು ಹೋಯ್ತು ಅಂತ ನ್ಯೂಸ್ ಬಂದ್ರೆ ಹೀಗೆ ಲೆಕ್ಕ ಹಾಕಿ. ಸಮುದ್ರಗಳ ಒಟ್ಟು ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್, ಹಾಗಾಗಿ 360 ಗಿಗಾಟನ್ ನೀರು ಸೇರಿದ್ರೆ 1 ಮಿಲಿಮೀಟರ್ ಏರತ್ತೆ, ಒಂದು ಗಿಗಾಟನ್ ಅಂದ್ರೆ 100 ಕೋಟಿ ಟನ್. 2019ರಲ್ಲಿ ಗ್ರೀನ್‌ಲ್ಯಾಂಡ್ ಕಳ್ಕೊಂಡಿದ್ದು ಸುಮಾರು 530 ಗಿಗಾಟನ್, ನೆಲದ ಮೇಲಿದ್ದಿದ್ದು, ಅಂದ್ರೆ ಮೂರನೇ ಗ್ಲಾಸು, 360ರಿಂದ ಭಾಗಿಸಿ, ಒಂದೇ ವರ್ಷಕ್ಕೆ 1.5 ಮಿಲಿಮೀಟರ್. 2017ರಲ್ಲಿ ಲಾರ್ಸೆನ್ ಸಿ ಹಾಸಿನಿಂದ ಮುರಿದ ಎ68 ಅನ್ನೋ ದೈತ್ಯ ತುಂಡು ಇದರ ಹೆಚ್ಚುಕಮ್ಮಿ ಎರಡು ಪಟ್ಟು, ಸುಮಾರು 1,000 ಗಿಗಾಟನ್, ಸುಮ್ನೆ ಭಾಗಿಸಿದ್ರೆ 2.8 ಮಿಲಿಮೀಟರ್ ಬರತ್ತೆ. ಆದ್ರೆ ಅದು ಮುರಿಯೋ ಮುಂಚೆನೂ ತೇಲ್ತಾನೇ ಇತ್ತು, ಎರಡನೇ ಗ್ಲಾಸು, ಹಾಗಾಗಿ 2.5 ಪರ್ಸೆಂಟ್ ಮಾತ್ರ ತಗೊಳ್ಳಿ, 0.07 ಮಿಲಿಮೀಟರ್.